ಕಾಲಿನ ಚಪ್ಪಲಿ ಜಾರುತ್ತಿದೆಯೇ?



ಇಪ್ಪತ್ತೈದರ ಸೊಸೆ ಹೊಸ್ತಿಲು ಎಡವುತ್ತಾಳೆ. ದಾರಿಯಲ್ಲಿ ಚಪ್ಪಲಿ ಜಾರಿದ್ದೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. "ನೋಡಿ ನಡೀಬಾರದೇನವ್ವಾ" ಎಂದು ಮನೆಯವರು ಗದರುತ್ತಾರೆ. ಆಮೇಲೆ ಮಾಲೀಶು, ತಾಯತ, ಸೊಂಟಕ್ಕೆ ಇಂಜೆಕ್ಷನ್. ತಾಯಂದಿರೇ, ಅದು ಅವಳ ಅಲಕ್ಷ್ಯವಲ್ಲದೆ ಇರಬಹುದು. ಪಾದವನ್ನು ಮೇಲೆತ್ತುವ ಸ್ನಾಯು ಸೋಲುತ್ತಿರಬಹುದು.

ಪಾದ ಜೋತುಬೀಳಲು ಕಾರಣ ಹಲವು. ಒಮ್ಮೆಲೇ ಒಂದು ಕಡೆಯ ಕೈಕಾಲು ಬಿದ್ದರೆ ಲಕ್ವ ಇರಬಹುದು, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಪಾದಕ್ಕೆ ಸ್ಪರ್ಶ ತಿಳಿಯದಿದ್ದರೆ ಕುಷ್ಠ, ಸಕ್ಕರೆ ಕಾಯಿಲೆ, ಸೊಂಟದ ನರ ಇವನ್ನು ಮೊದಲು ನೋಡಬೇಕು. ಇವಕ್ಕೆ ಚಿಕಿತ್ಸೆ ಇದೆ. ಸ್ಪರ್ಶ ಸರಿಯಾಗಿದ್ದು, 20ರಿಂದ 40ರ ವಯಸ್ಸಿನಲ್ಲಿ ಎರಡೂ ಪಾದ ನಿಧಾನವಾಗಿ ಸೋಲುತ್ತಾ ಬಂದರೆ ಜಿಎನ್‌ಇ ಮಯೋಪಥಿ ಎಂಬ ಅಪರೂಪದ ಕಾಯಿಲೆಯನ್ನೂ ಡಾಕ್ಟರು ನೆನೆಯಬೇಕಾಗುತ್ತದೆ.

ಜಿಎನ್‌ಇ ಎಂಬುದು ನಮ್ಮೆಲ್ಲರಲ್ಲೂ ಇರುವ ಒಂದು ಜೀನ್. ಸಿಯಾಲಿಕ್ ಆಮ್ಲ ತಯಾರಾಗಲು ಬೇಕಾದ ಕಿಣ್ವ ಇದರಿಂದ ಬರುತ್ತದೆ. ಈ ಆಮ್ಲ ಜೀವಕೋಶಗಳ ಹೊರಮೈ ಮೇಲಿರುವ ಸಕ್ಕರೆ ಜಾತಿಯ ವಸ್ತು. ಚಹಾದ ಸಕ್ಕರೆ ಹೆಚ್ಚು ತಿಂದರೆ ಇದು ಹೆಚ್ಚುವುದಿಲ್ಲ. ಜೀನಿನಲ್ಲಿ ದೋಷವಿದ್ದರೆ ಸ್ನಾಯು ವರ್ಷವರ್ಷಕ್ಕೆ ಸೊರಗುತ್ತದೆ. ತೊಡೆಯ ಮುಂಭಾಗ ಮಾತ್ರ ಬಹುಕಾಲ ಗಟ್ಟಿಯಾಗಿರುತ್ತದೆ. ಈ ನಂಟು ತಿಳಿದದ್ದು 2001ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2010ರಲ್ಲಿ ಇಂಥ 23 ರೋಗಿಗಳ ವಿವರ ಪ್ರಕಟಿಸಿದರು.

ಇದು ಅಂಟುರೋಗವಲ್ಲ. ತಾಯಿ, ತಂದೆ ಇಬ್ಬರಿಂದಲೂ ದೋಷದ ಪ್ರತಿ ಬಂದಾಗಲೇ ಕಾಯಿಲೆ. ಒಂದೊಂದೇ ಪ್ರತಿ ಹೊತ್ತ ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಅಂಥವರ ಪ್ರತಿ ಮಗುವಿಗೂ 4ರಲ್ಲಿ 1 ಪಾಲು ಸಂಭವ, ಗಂಡಾಗಲಿ ಹೆಣ್ಣಾಗಲಿ. ಹಾಗಾಗಿ ಸೊಸೆಯ ತವರನ್ನೊಂದೇ ದೂರುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮೊದಲು ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.

ಕೆಲವೊಮ್ಮೆ ಇದನ್ನು ಸ್ನಾಯುವಿನ ಉರಿಯೂತವೆಂದು ತಿಳಿದು ಸ್ಟಿರಾಯ್ಡ್ ಕೊಡುವುದುಂಟು. ಈ ಕಾಯಿಲೆಗೆ ಅದರಿಂದ ಉಪಯೋಗವಿಲ್ಲ. ಆದರೆ ಈಗಾಗಲೇ ನುಂಗುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ಅಪಾಯ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಸಿಯಾಲಿಕ್ ಆಮ್ಲದ ಮಾತ್ರೆಯ ದೊಡ್ಡ ಪ್ರಯೋಗವೊಂದು 2017ರಲ್ಲಿ ವಿಫಲವಾಯಿತು. ಜಪಾನ್ 2024ರಲ್ಲಿ ಅಂಥದೇ ಮಾತ್ರೆಗೆ ಒಪ್ಪಿಗೆ ಕೊಟ್ಟಿದೆ. "ಗ್ಯಾರಂಟಿ ವಾಸಿ" ಎನ್ನುವವರಿಗೆ ಹೊಲ ಮಾರಿ ದುಡ್ಡು ಸುರಿಯಬೇಡಿ.

ಪಾದವನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿದರೆ ಬೀಳುವುದು ಕಡಿಮೆಯಾಗುತ್ತದೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಮೈ ದಣಿಯುವಷ್ಟು ವ್ಯಾಯಾಮ ಬೇಡ. 2016ರ ಅಂಗವಿಕಲರ ಕಾಯ್ದೆಯ 21 ಬಗೆಗಳಲ್ಲಿ ವಂಶದಿಂದ ಬರುವ ಸ್ನಾಯುಕ್ಷಯವೂ ಇದೆ, ಪ್ರಮಾಣಪತ್ರದ ಬಗ್ಗೆ ವಿಚಾರಿಸಿ.

ತಪಾಸಣೆಗೆ ಬರುವಾಗ ಹಳೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಬನ್ನಿ. ಬೆರಳಿನ ಕಡೆ ಹೆಚ್ಚು ಸವೆದಿದ್ದರೆ ಡಾಕ್ಟರಿಗೆ ಅದೂ ಒಂದು ಸುಳಿವು.