ಆಟ ಮುಗಿಸುವವರು ಯಾರು?

ಮದುವೆ ಛತ್ರದಲ್ಲಿ ಹಿಂದಿನ ರಾತ್ರಿ ಊಟ ಮುಗಿದ ಮೇಲೆ ಜಮಖಾನ ಹಾಸಿ ಇಸ್ಪೀಟು ಆಡುವುದು ನಮ್ಮಲ್ಲಿ ಎಷ್ಟೋ ಕಾಲದಿಂದ ಬಂದ ರೂಢಿ. ಮಾವ, ಭಾವ, ದೊಡ್ಡಪ್ಪನ ಮಕ್ಕಳೆಲ್ಲ ಸುತ್ತ ಕೂತರೆ ರಮ್ಮಿಯೋ ಅಂದರ್ ಬಾಹರೋ ಶುರುವಾಗುತ್ತದೆ. ಆ ಆಟಕ್ಕೆ ಕೊನೆ ಎಂಬುದು ತಾನಾಗಿಯೇ ಬರುತ್ತದೆ. ಒಬ್ಬರಿಗೆ ಆಕಳಿಕೆ, ಇನ್ನೊಬ್ಬರಿಗೆ ಬೆಳಗಿನ ಬಸ್ಸಿನ ಚಿಂತೆ. ಓಲಗದ ಸದ್ದು ಕೇಳಿದರಂತೂ ಎಲೆಗಳನ್ನು ಎತ್ತಿಡಲೇಬೇಕು.

ಫೋನಿನಲ್ಲಿ ಸಿಗುವ ಉಚಿತ ಕ್ಯಾಸಿನೊ ಆಟಗಳಲ್ಲಿ ಇಲ್ಲದಿರುವುದು ಈ ಕೊನೆಯೇ. ತೀನ್ ಪತ್ತಿ, ರೂಲೆಟ್, ಚಕ್ರ ತಿರುಗಿಸುವ ಸ್ಲಾಟ್ ಆಟಗಳು. ದುಡ್ಡು ಕಟ್ಟಬೇಕಿಲ್ಲ, ಗೆದ್ದರೆ ದುಡ್ಡು ಬರುವುದೂ ಇಲ್ಲ, ಬರೀ ಚಿಪ್ಸ್ ಎಂಬ ಆಟದ ಬಿಲ್ಲೆಗಳು. ನಿವೃತ್ತರಾದ ಮೇಷ್ಟ್ರು, ಮಧ್ಯಾಹ್ನ ಒಬ್ಬರೇ ಇರುವ ಗೃಹಿಣಿ, ರಾತ್ರಿ ಪಾಳಿಯ ಕಾವಲುಗಾರ, ಹಾಸ್ಟೆಲಿನ ಹುಡುಗ, ಹೀಗೆ ಯಾರು ಬೇಕಾದರೂ ಆಡುತ್ತಿರಬಹುದು. ಇದರಲ್ಲಿ ಪಾಪವೇನೂ ಇಲ್ಲ. ಬೇಸರ ಕಳೆಯಲು ಮನುಷ್ಯನಿಗೆ ಆಟ ಬೇಕು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಆಗ ಅಂಥ ಆಟ ನಡೆಸುತ್ತಿದ್ದ ಕೆಲವು ಕಂಪನಿಗಳು ಉಚಿತ ಆಟಗಳ ಕಡೆಗೆ ಹೊರಳಿದವು. ಹಾಗಾಗಿ ಇದು ಈಗ ಇನ್ನಷ್ಟು ಮನೆಗಳ ವಿಷಯ.

ಹಣವಿಟ್ಟು ಆಡುವವನ ಜೇಬು ಒಂದಲ್ಲ ಒಂದು ಹೊತ್ತಿಗೆ ಬರಿದಾಗುತ್ತದೆ. ಕ್ರೂರವಾದರೂ ಅದೊಂದು ತಡೆ. ಉಚಿತ ಆಟದಲ್ಲಿ ಅದೂ ಇಲ್ಲ. ಅಲ್ಲಿ ಕರಗುವುದು ಹೊತ್ತು ಮತ್ತು ನಿದ್ದೆ. ಅವುಗಳ ಲೆಕ್ಕವನ್ನು ಯಾವ ಪಾಸ್‌ಬುಕ್ಕೂ ತೋರಿಸುವುದಿಲ್ಲ.

ನಿಲ್ಲಿಸುವುದು ಏಕಿಷ್ಟು ಕಷ್ಟ? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮತ್ತು ಅವರ ಸಹೋದ್ಯೋಗಿ ಫರ್ಸ್ಟರ್ 1957ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅದರ ತುಂಬ ಪಾರಿವಾಳಗಳ ಮೇಲಿನ ಪ್ರಯೋಗಗಳಿವೆ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಕುಕ್ಕಿ ಅಭ್ಯಾಸವಾದ ಹಕ್ಕಿ ಹಾಗಲ್ಲ. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರ ಕೆಲಸ ಮಾಡುವುದೂ ಹೀಗೆಯೇ ಎಂದು ಸ್ಕಿನ್ನರ್ ಅವರೇ ಹೇಳಿದ್ದರು. ದುಡ್ಡು ತೆಗೆದು ಚಿಪ್ಸ್ ಇಟ್ಟ ಮಾತ್ರಕ್ಕೆ ಈ ಗುಣ ಬದಲಾಗುವುದಿಲ್ಲ.

ಇನ್ನೂ ಒಂದಿದೆ. ಸ್ಲಾಟ್ ಆಟದಲ್ಲಿ ಮೂರು ಚಿತ್ರ ಒಂದೇ ಆಗಬೇಕಾದಲ್ಲಿ ಎರಡು ಕೂಡಿ, ಮೂರನೆಯದು ಒಂದೇ ಮನೆ ಆಚೆ ನಿಲ್ಲುತ್ತದೆ. ಲೆಕ್ಕದಲ್ಲಿ ಅದು ಪೂರ್ತಿ ಸೋಲು. ಆದರೆ ಕೇಂಬ್ರಿಜ್‌ನ ಸಂಶೋಧಕರು 2009ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಎಚ್ಚರವಾಗುವ ಭಾಗಗಳೇ ಇಂಥ ಸೋಲಿನಲ್ಲೂ ಎಚ್ಚರವಾಗಿದ್ದವು. ಆಡಿದವರಿಗೆ ಅದು ಹಿತವೆನಿಸಿರಲಿಲ್ಲ. ಆದರೂ ಇನ್ನೊಂದು ಸಲ ಆಡೋಣ ಎನ್ನಿಸಿತ್ತು. ಬಿಡಲು ಮನಸ್ಸಾಗದವರನ್ನು ದುರ್ಬಲರು ಎಂದು ಹಳಿಯುವ ಮೊದಲು ಇದು ನಮ್ಮ ನೆನಪಿನಲ್ಲಿರಬೇಕು. ಆಟವನ್ನು ಹಾಗೆ ಕಟ್ಟಿರುತ್ತಾರೆ.

ಉಚಿತ ಎಂಬ ಮಾತನ್ನೂ ಸ್ವಲ್ಪ ನೋಡಬೇಕು. ಮೊದಲು ರಾಶಿ ಚಿಪ್ಸ್ ಕೊಡುತ್ತಾರೆ. ಅವು ಮುಗಿದಾಗ ಕಾಯಬೇಕು, ಇಲ್ಲವೇ ಕೊಳ್ಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಥದೊಂದು ಆಟದ ವಿರುದ್ಧ ಹೂಡಿದ ದಾವೆಯಲ್ಲಿ, ಆಟ ಮುಂದುವರಿಸಲು ಬೇಕಾಗುವ ಚಿಪ್ಸ್‌ಗೂ ಬೆಲೆಯಿದೆ, ಹಾಗಾಗಿ ಆ ರಾಜ್ಯದ ಕಾನೂನಿನಲ್ಲಿ ಇದೂ ಜೂಜೇ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕೊನೆಗೆ ಆ ಆಟದ ಕಂಪನಿಗಳು 15 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿಯಾಗಬೇಕಾಯಿತು. ಆದ್ದರಿಂದ ಚಿಪ್ಸ್ ಮುಗಿದ ಗಳಿಗೆಯನ್ನು ನಷ್ಟವೆಂದುಕೊಳ್ಳದೆ, ಇವತ್ತಿಗೆ ಆಟ ಮುಗಿಯಿತು ಎಂದುಕೊಳ್ಳುವುದು ಒಳ್ಳೆಯದು. ಆಟದ ಖಾತೆಗೆ ಬ್ಯಾಂಕ್ ಕಾರ್ಡನ್ನೋ ಯುಪಿಐಯನ್ನೋ ಜೋಡಿಸಲೇಬೇಡಿ. ಫೋನು ಮಕ್ಕಳ ಕೈಗೂ ಹೋಗುವ ಮನೆಯಲ್ಲಿ ಖರೀದಿಗೆ ಪಾಸ್‌ವರ್ಡ್ ಇರಲಿ.

ಹೊತ್ತನ್ನು ಆಟ ತೆರೆಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಡುತ್ತಾ ಮಾಡುವ ತೀರ್ಮಾನ ನಿಲ್ಲುವುದಿಲ್ಲ. ಒಂದೊಂದು ಆ್ಯಪಿಗೂ ದಿನಕ್ಕಿಷ್ಟೇ ನಿಮಿಷ ಎಂದು ಮಿತಿ ಹಾಕುವ ಸೌಲಭ್ಯ ಈಗ ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಇದೆ. ಬಳಸಲು ಬಾರದಿದ್ದರೆ ಮೊಮ್ಮಕ್ಕಳು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ‘ನಿಮ್ಮ ಬೋನಸ್ ಕಾಯುತ್ತಿದೆ’ ಎಂದು ಕರೆಯುವ ನೋಟಿಫಿಕೇಷನ್ ನಿಲ್ಲಿಸಿ. ಮಲಗುವ ಕೋಣೆಗೆ ಫೋನು ಬೇಡ, ಚಾರ್ಜರ್ ನಡುಮನೆಯಲ್ಲಿರಲಿ.

ಇವೆಲ್ಲಕ್ಕಿಂತ ಮುಖ್ಯವಾಗಿ ನನಗೆ ಕಾಣುವುದು, ಯಾವ ಮನಸ್ಸಿನಲ್ಲಿ ಆಡುತ್ತೇವೆ ಎಂಬುದು. ಖುಷಿಯಾಗಿದ್ದಾಗ ಹತ್ತು ನಿಮಿಷ ಆಡಿದವರು ಸುಲಭವಾಗಿ ಎದ್ದುಬರುತ್ತಾರೆ. ಜಗಳವಾಡಿ, ಅವಮಾನವಾಗಿ, ಸಾಲದ ಫೋನು ಬಂದು ಮನಸ್ಸು ಕಲಕಿದಾಗ ತೆರೆದ ಆಟ ಮರೆವಿನ ಮದ್ದಾಗುತ್ತದೆ. ಆ ಹೊತ್ತಿನಲ್ಲಿ ಆಟ ಬಿಟ್ಟು ಯಾರೊಡನೆಯಾದರೂ ಮಾತಾಡಿ, ಒಂದು ಸುತ್ತು ನಡೆದು ಬನ್ನಿ. ಹಿಂದೆ ಜೂಜಿನಲ್ಲಿ ಹಣ ಕಳೆದುಕೊಂಡು ಕಷ್ಟಪಟ್ಟು ಹೊರಬಂದವರಿಗೆ ಮಾತ್ರ ನಾನು ಮಿತಿಯ ಮಾತು ಹೇಳಲಾರೆ. ಉಚಿತ ಆಟದಿಂದಲೂ ಅವರು ಪೂರ್ತಿ ದೂರವಿರುವುದೇ ಕ್ಷೇಮ, ಏಕೆಂದರೆ ಅದೇ ಸದ್ದು, ಅದೇ ಬಣ್ಣ ಹಳೆಯ ಹಸಿವನ್ನು ಎಬ್ಬಿಸುತ್ತವೆ.

ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೇಡಾಗುತ್ತಿದ್ದರೂ ಬಿಡಲಾಗದಿರುವುದು – ಈ ಮೂರನ್ನು ಆಟದ ಗೀಳಿನ ಲಕ್ಷಣಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ಶುರುವಾಯಿತು. ಮನೆಯವರು ಗದರಿದರೆ ಆಟ ಹೊದಿಕೆಯ ಒಳಗೆ ಸೇರಿಕೊಳ್ಳುತ್ತದೆ, ಅಷ್ಟೆ. ‘ಅಪ್ಪಾ, ರಾತ್ರಿ ಸರಿಯಾಗಿ ನಿದ್ದೆ ಬಂತಾ?’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಮಾತು ಹೊರಡಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.