ಕುಂಡದ ಗಿಡಕ್ಕೂ ಬಸಿಗಾಲುವೆ ಬೇಕು

(ಮದ್ದೂರಿನಲ್ಲಿ ರೈತರು ಮತ್ತು ರೈತ ಮಹಿಳೆಯರ ಮುಂದೆ ಮಾಡಿದ ಭಾಷಣ)



ಕಬ್ಬು, ಭತ್ತ, ತೆಂಗು ಬೆಳೆಯುವ ನಿಮ್ಮ ಮುಂದೆ ಕುಂಡದ ಗಿಡದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈಗ ತಾರಸಿ ಮನೆಗಳಿಲ್ಲದ ಹಳ್ಳಿ ಕಡಿಮೆ. ಆ ಮನೆಗಳ ಜಗುಲಿಯಲ್ಲೋ ಕಿಟಕಿಯ ಬಳಿಯಲ್ಲೋ ಇಡಲು ನರ್ಸರಿಯಿಂದ ಮನಿಪ್ಲಾಂಟ್, ಕ್ರೋಟನ್, ಅರೆಕಾ ಪಾಮ್ ತರುತ್ತೇವೆ. ಕೆಲವೇ ತಿಂಗಳಲ್ಲಿ ಎಲೆ ಹಳದಿಯಾಗುತ್ತದೆ, ಬುಡ ಮೆತ್ತಗಾಗುತ್ತದೆ, ಗಿಡ ಸಾಯುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಸುಮ್ಮನಾಗುತ್ತೇವೆ. ಎಕರೆಗಟ್ಟಲೆ ಬೆಳೆ ತೆಗೆಯುವ ಕೈಗೆ ಒಂದು ಕುಂಡ ಒಲಿಯದೆ ಹೋದೀತೇ? ಮನೆಯೊಳಗಿನ ಗಿಡಗಳಲ್ಲಿ ಬಹುಪಾಲು ಸಾಯುವುದು ನೀರು ಹೆಚ್ಚಾಗಿ.

ನಾನೂ ಈ ತಪ್ಪು ಮಾಡಿದ್ದೇನೆ. ಹೊಸ ಮನೆಗೆ ತಂದ ಪಾಮ್ ಗಿಡ ಬಾಡಿದಾಗ ಬಾಯಾರಿದೆ ಎಂದು ದಿನಕ್ಕೆರಡು ಚೆಂಬು ನೀರು ಹಾಕಿದೆ. ಬಾಡುವುದು ಇನ್ನೂ ಹೆಚ್ಚಿತು. ಕೊನೆಗೆ ಕಿತ್ತು ನೋಡಿದರೆ ಬೇರೆಲ್ಲ ಕಪ್ಪಾಗಿ ಕೊಳೆತು ನಾರುತ್ತಿತ್ತು. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದಲೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದಂತೆ ಬಾಡುತ್ತದೆ.

ಈ ರೋಗ ನಿಮಗೆ ಹೊಸದಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಈ ಸೀಮೆಗೆ ಸಿರಿ ತಂದಿತು. ಆದರೆ ಬಸಿಯಲು ದಾರಿಯಿಲ್ಲದ ತಗ್ಗು ಗದ್ದೆಗಳಲ್ಲಿ ಅದೇ ನೀರು ನಿಂತು ಜೌಗಾಯಿತು, ಚೌಳಾಯಿತು. ಕುಂಡವೆಂದರೆ ನಾಲ್ಕೂ ಕಡೆ ಬದು ಹಾಕಿದ ಪುಟ್ಟ ಗದ್ದೆ. ಗದ್ದೆಗೆ ಬಸಿಗಾಲುವೆ ತೋಡುವ ನಾವು ಕುಂಡಕ್ಕೆ ಮಾತ್ರ ಅದನ್ನು ಮರೆಯುತ್ತೇವೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ ಆದರೂ ಎತ್ತರ ಹೆಚ್ಚಾದಾಗ ಹೆಚ್ಚು ನೀರು ಬಸಿಯುತ್ತದೆ. ಹೊಲದ ಮಣ್ಣಿಗೆ ಹಲವು ಅಡಿ ಆಳವಿದೆ, ಕುಂಡಕ್ಕಿರುವುದು ಒಂದು ಗೇಣು. ಅದರ ತಳದ ಮಣ್ಣು ತೂತಿದ್ದರೂ ಬಹಳ ಹೊತ್ತು ತೊಯ್ದೇ ಇರುತ್ತದೆ. ಮಣ್ಣು ನುಣ್ಣಗಿದ್ದಷ್ಟೂ ಈ ತೇವ ಮೇಲೇರಿ ನಿಲ್ಲುತ್ತದೆ. ತಳಕ್ಕೆ ಜಲ್ಲಿ ತುಂಬುವುದರಿಂದ ಇದು ಸರಿಹೋಗುವುದಿಲ್ಲ. ತೊಯ್ದ ಮಣ್ಣು ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಮಣ್ಣು ಕೊಚ್ಚಿಹೋಗದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲು ಹಾಕಿದರೆ ಸಾಕು.

ಆದ್ದರಿಂದ ಮಣ್ಣೇ ಸಡಿಲವಾಗಿರಬೇಕು. ಕೆರೆಗೋಡು ಹೊಲಕ್ಕೆ ಒಳ್ಳೆಯದು, ಕುಂಡಕ್ಕಲ್ಲ. ನೀರು ಬಿದ್ದಂತೆ ಗಟ್ಟಿಯಾಗುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಎಳನೀರು ಮಾರುಕಟ್ಟೆಗೆ ಹೆಸರಾದ ಮದ್ದೂರಿನಲ್ಲಿ ತೆಂಗಿನ ಸಿಪ್ಪೆಗೆ ಬರವಿಲ್ಲ. ಒಣಗಿದ ಸಿಪ್ಪೆಯನ್ನು ಸಣ್ಣ ತುಂಡು ಮಾಡಿ, ಮೂರು ನಾಲ್ಕು ದಿನ ನೆನೆಸಿ, ಕೆಂಪು ನೀರು ಇಳಿಯುವುದು ಕಡಿಮೆಯಾಗುವವರೆಗೆ ನೀರು ಬದಲಿಸಿ, ಒಂದು ಪಾಲು ಬೆರೆಸಿದರೆ ಬೇರಿಗೆ ಗಾಳಿಯಾಡುತ್ತದೆ. ತೊಳೆಯದೆ ಹಾಕಿದರೆ ಅದರೊಳಗಿನ ಒಗರು, ಉಪ್ಪು ಗಿಡಕ್ಕೆ ಕೆಡುಕು. ಸಣ್ಣ ಗಿಡವನ್ನು ದೊಡ್ಡ ಕುಂಡದಲ್ಲಿ ನೆಡಬಾರದು. ಬೇರು ತಲುಪದ ಮಣ್ಣು ಒಣಗುವುದೇ ಇಲ್ಲ. ಕುಂಡ ಬದಲಿಸುವಾಗ ಎರಡು ಅಂಗುಲ ಅಗಲವಾದದ್ದು ಸಾಕು. ಮಳೆಗಾಲದ ಆರಂಭ ಇದಕ್ಕೆ ಒಳ್ಳೆಯ ಕಾಲ.

ನೀರು ಹಾಕುವುದು ಯಾವಾಗ? ಗಡಿಯಾರ ನೋಡಿಯಲ್ಲ, ಮಣ್ಣು ಮುಟ್ಟಿ. ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿ. ತೇವ ಹತ್ತಿದರೆ ಬಿಟ್ಟುಬಿಡಿ. ಒಣಗಿದ್ದರೆ ತಳದ ತೂತಿನಿಂದ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಆ ನೀರಿನಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆಯೂ ಮೊಟ್ಟೆಯಿಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಜಗುಲಿಯ ಮಣ್ಣಿನ ಕುಂಡಕ್ಕೆ ದಿನವೂ ನೀರು ಬೇಕಾಗಬಹುದು. ಒಳಗೆ ನೆರಳಿನಲ್ಲಿರುವ ಪ್ಲಾಸ್ಟಿಕ್ ಕುಂಡಕ್ಕೆ ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾಗಬಹುದು. ಬೋರ್‌ವೆಲ್ಲಿನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಕುಂಡದ ಚೌಳು. ಮೇಲ್ಮಣ್ಣನ್ನು ಕೆರೆದು ತೆಗೆದು ಮಳೆನೀರಿನಿಂದ ಚೆನ್ನಾಗಿ ತೊಳೆದು ಬಸಿಯಬೇಕು.

ಬೆಳಕು ಇನ್ನೊಂದು ಮುಖ್ಯ ಅಂಶ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಗಿಡ ಹಾಗಲ್ಲ. ಮಧ್ಯಾಹ್ನ ಕುಂಡವಿರುವ ಜಾಗದಲ್ಲಿ ಕೈ ಹಿಡಿಯಿರಿ. ನೆರಳು ಬೀಳದಿದ್ದರೆ ಬೆಳಕು ಸಾಲದೆಂದು ತಿಳಿಯಿರಿ. ಬೆಳಕು ಕಡಿಮೆಯಿರುವಲ್ಲಿ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಹಳೆಯ ಮನೆಯಲ್ಲಿ ತೊಟ್ಟಿಯ ಅಂಚು, ಹೊಸ ಮನೆಯಲ್ಲಿ ಪೂರ್ವದ ಕಿಟಕಿ ಒಳ್ಳೆಯ ಜಾಗ. ನರ್ಸರಿಯ ನೆರಳುಪರದೆಯಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ.

ಗೊಬ್ಬರದ ಬಗ್ಗೆ ಒಂದು ಲೆಕ್ಕ. ಎಕರೆಗೆ 45 ಕಿಲೋದ ಒಂದು ಚೀಲ ಯೂರಿಯಾ ಎಂದರೆ, ಎಂಟು ಅಂಗುಲ ಅಗಲದ ಕುಂಡದ ಪಾಲಿಗೆ ಬರುವುದು ಸುಮಾರು ಮೂರನೇ ಒಂದು ಗ್ರಾಂ. ಒಂದು ಚಹಾ ಚಮಚ ಯೂರಿಯಾ ಹಾಕಿದಿರೋ, ಎಕರೆಗೆ ಹತ್ತು ಚೀಲ ಸುರಿದಂತೆ! ಕಬ್ಬಿಗೆ ತಂದದ್ದರಲ್ಲಿ ಉಳಿದ ಗೊಬ್ಬರವನ್ನು ಕುಂಡಕ್ಕೆ ಹಾಕುವ ಅಭ್ಯಾಸ ಬಿಡಿ. ಎರಡು ಮೂರು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ತುಳಸಿಯ ಮಾತನ್ನೂ ಹೇಳಿಬಿಡುತ್ತೇನೆ. ಮನೆಯ ಪ್ರತಿಯೊಬ್ಬರೂ ಸ್ನಾನ ಮಾಡಿ ಬಂದು ಒಂದೊಂದು ಚೆಂಬು ಎರೆದರೆ ಚಿಕ್ಕ ಕುಂಡದ ತುಳಸಿ ಬದುಕದು. ಪೂಜೆಗೆ ಒಂದು ಉದ್ಧರಣೆ ನೀರು ಸಾಕು. ಉಳಿದ ಭಕ್ತಿಯನ್ನು ಬಿಸಿಲಿರುವ ಜಾಗ ಹುಡುಕಿಕೊಡುವುದರಲ್ಲಿ ತೋರಿಸಿ.

ಇಂದು ಮನೆಗೆ ಹೋದೊಡನೆ ಒಂದೊಂದು ಕುಂಡವನ್ನೂ ಎತ್ತಿ ನೋಡಿ. ಹಗುರವಾಗಿದ್ದರೆ ನೀರು, ಭಾರವಾಗಿದ್ದರೆ ವಿಶ್ರಾಂತಿ. ತೂತು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ಈ ಕೆಲಸ ಮಕ್ಕಳ ಕೈಯಿಂದಲೇ ಮಾಡಿಸಿ. ನೀರು ನಿಂತ ಗದ್ದೆ ಕೆಡಲು ವರ್ಷಗಳು ಬೇಕು, ಕೆಟ್ಟದ್ದು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಕುಂಡ ಅದೇ ಪಾಠವನ್ನು ಒಂದೇ ತಿಂಗಳಲ್ಲಿ ಕಲಿಸುತ್ತದೆ. ಅದನ್ನು ಕಲಿತ ಮಗು ನಾಳೆ ಗದ್ದೆಗೆ ನೀರು ಬಿಡುವ ಮೊದಲು ಮಣ್ಣು ಮುಟ್ಟಿ ನೋಡುತ್ತದೆ.