ನಿಮ್ಮ ಮನೆ ಸಿಂಹವೋ, ಕಾಗೆಯೋ? ಆಯದ ಲೆಕ್ಕ ನೀವೇ ಹಾಕಿ ನೋಡಿ

ಮೆಟ್ರೋದಲ್ಲೋ ಬಸ್ಸಿನಲ್ಲೋ ಕೂತು ಕೇಳ್ತಾ ಇದ್ರೆ ಇವತ್ತು ಫೋನಿನ ಕ್ಯಾಲ್ಕುಲೇಟರ್ ಕೂಡ ತೆಗೆದಿಟ್ಕೊಳ್ಳಿ. ಮಾತಾಡೋದು ಮನೆಯ ಆಯದ ಬಗ್ಗೆ.

ಸೈಟ್ ತಗೊಂಡಾಯ್ತು, ಲೋನ್ ಪಾಸಾಯ್ತು, ಪ್ಲಾನ್ ಕೂಡ ಕೈಗೆ ಬಂತು. ಆಗ ಅಜ್ಜಿನೋ ದೊಡ್ಡಪ್ಪನೋ ಕೇಳೇ ಕೇಳ್ತಾರೆ, "ಆಯ ನೋಡಿಸಿದ್ರಾ?" ನಮ್ಮಲ್ಲಿ ಬಹಳ ಜನ ಇದನ್ನು ಜೋಯಿಸರಿಗೆ ಬಿಟ್ಟು, ಅವರು ಚೀಟಿಯಲ್ಲಿ ಬರೆದುಕೊಟ್ಟ ಅಳತೆಯನ್ನು ಮೇಸ್ತ್ರಿಗೆ ಕೊಟ್ಟು ಸುಮ್ಮನಾಗ್ತಾರೆ. ಆ ಚೀಟಿಯ ಹಿಂದೆ ಏನಿದೆ ಅಂತ ಕೇಳೋರು ಕಮ್ಮಿ. ನಿಜ ಹೇಳಬೇಕಂದ್ರೆ ಅದು ನಾಲ್ಕನೇ ಕ್ಲಾಸಿನ ಭಾಗಾಕಾರ.

ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ಉದ್ದ, ಅಗಲ ಗುಣಿಸಿ. ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಿ. ಶೇಷ 1 ಉಳಿದರೆ ಧ್ವಜಾಯ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ ಅಂದ್ರೆ ಕತ್ತೆ, 7 ಗಜ. ಏನೂ ಉಳಿಯದಿದ್ದರೆ ಕಾಗೆ. ಧ್ವಜ, ಸಿಂಹ, ವೃಷಭ, ಗಜ ಒಳ್ಳೆಯವು. ಉಳಿದ ನಾಲ್ಕು ಬೇಡ.

ಒಂದು ಉದಾಹರಣೆ ತಗೊಳ್ಳೋಣ. 30-40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟು 26 ಅಡಿಗೆ 36 ಅಡಿ ಮನೆ ಅಂದುಕೊಳ್ಳಿ. 936 ಚದರ ಅಡಿ. 8ರಿಂದ ಭಾಗಿಸಿದರೆ ಏನೂ ಉಳಿಯಲ್ಲ, ಕಾಗೆ. ಅದನ್ನೇ 25ಕ್ಕೆ 35 ಮಾಡಿದರೆ 875, ಶೇಷ 3, ಸಿಂಹ! ಸಿಂಹಕ್ಕಾಗಿ ನೀವು ಬಿಟ್ಟುಕೊಟ್ಟದ್ದು 61 ಚದರ ಅಡಿ, ಒಂದು ಬಾತ್‌ರೂಮಿಗಿಂತ ಜಾಸ್ತಿ ಜಾಗ.

ನಾನು 9ರಿಂದ ಗುಣಿಸಲೇ ಇಲ್ಲ, ಗಮನಿಸಿದ್ರಾ? ಗುಣಿಸಬೇಕಾಗಿಯೇ ಇಲ್ಲ. ಒಂಬತ್ತರಲ್ಲಿ ಎಂಟು ಹೋದರೆ ಒಂದೇ ಉಳಿಯೋದು, ಹಾಗಾಗಿ ಶೇಷ ಬದಲಾಗಲ್ಲ. ಇನ್ನೊಂದು ವಿಷಯ, ಒಳ್ಳೆಯ ಆಯಗಳೆಲ್ಲ ಬೆಸ ಸಂಖ್ಯೆ. ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ ಬರುತ್ತೆ. ಅಂದ್ರೆ ಉದ್ದ ಅಗಲ ಎರಡೂ ಬೆಸ ಅಡಿ ಇಟ್ಟರೆ ಕೆಟ್ಟ ಆಯ ಬರೋಕೆ ಸಾಧ್ಯವೇ ಇಲ್ಲ. ಅನುಭವಿ ಮೇಸ್ತ್ರಿಗಳಿಗೆ ಇದು ಬಾಯಿಪಾಠ.

ಜ್ಯೋತಿಷ್ಯ ಸೇರೋದು ಮುಂದಿನ ಹೆಜ್ಜೆಯಲ್ಲಿ. ಅದೇ ವಿಸ್ತೀರ್ಣವನ್ನು 8ರಿಂದ ಗುಣಿಸಿ 27ರಿಂದ ಭಾಗಿಸಿದರೆ ಮನೆಯ ನಕ್ಷತ್ರ. ನಮ್ಮ 875ಕ್ಕೆ ಶೇಷ 7, ಅಶ್ವಿನಿಯಿಂದ ಎಣಿಸಿದರೆ ಪುನರ್ವಸು. ಇದನ್ನು ಯಜಮಾನರ ಜನ್ಮನಕ್ಷತ್ರದ ಜೊತೆ ಕೂಡಿಸಿ ನೋಡ್ತಾರೆ, ಮದುವೆಗೆ ಜಾತಕ ನೋಡಿದ ಹಾಗೇ. ತಮಾಷೆ ಏನಂದ್ರೆ ಮನೆಯ ಒಂದು ಬದಿ 27 ಅಡಿ ಇದ್ದರೆ ಇನ್ನೊಂದು ಬದಿ ಎಷ್ಟೇ ಅಡಿ ಇರಲಿ, ನಕ್ಷತ್ರ ಯಾವಾಗಲೂ ರೇವತಿಯೇ.

ಈಗ ನಿಜವಾದ ತೊಡಕಿಗೆ ಬರ್ತೀನಿ. ಹಳೆಯ ಗ್ರಂಥಗಳ ಅಳತೆ ಹಸ್ತ, ಅಂಗುಲ. ಹಸ್ತ ಅಂದ್ರೆ ನಮ್ಮ ಮೊಳ, 24 ಅಂಗುಲ. ಅಡಿ ಬಂದದ್ದು ಬ್ರಿಟಿಷರ ಜೊತೆ. 27ಕ್ಕೆ 33 ಅಡಿ ಮನೆ 891 ಚದರ ಅಡಿ, ಶೇಷ 3, ಸಿಂಹ. ಒಂದೂವರೆ ಅಡಿಗೆ ಒಂದು ಮೊಳ ಅಂತ ಹಿಡಿದರೆ ಅದೇ ಮನೆ 18ಕ್ಕೆ 22 ಮೊಳ. ಗುಣಿಸಿದರೆ 396, ಶೇಷ 4, ಶ್ವಾನ. ಗೋಡೆ ಅದೇ, ಇಟ್ಟಿಗೆ ಅದೇ. ಟೇಪ್ ಬದಲಾಯ್ತು, ಸಿಂಹ ನಾಯಿ ಆಯ್ತು. ಅಳತೆ ಗೋಡೆಯ ಒಳಗಿಂದಲೋ ಹೊರಗಿಂದಲೋ ಅನ್ನೋದರಲ್ಲೂ ಒಬ್ಬೊಬ್ಬರದು ಒಂದೊಂದು ಪದ್ಧತಿ. 9 ಇಂಚಿನ ಗೋಡೆಯಾದರೆ ಒಳಗಿನ ಅಳತೆ ಒಂದೂವರೆ ಅಡಿ ಕಮ್ಮಿ. ಆಮೇಲೆ ಪ್ಲಾಸ್ಟರ್ ಬೇರೆ!

ಇದೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ, ನಂಬಿಕೆ ನಿಮ್ಮದು. ಆದರೆ ಲೆಕ್ಕ ಹಾಕಿದವರನ್ನು ಎರಡು ಮಾತು ಕೇಳಿ: ಯಾವ ಅಳತೆಯಲ್ಲಿ ಹಾಕಿದಿರಿ, ಎಲ್ಲಿಂದ ಎಲ್ಲಿಗೆ ಅಳೆದಿರಿ?

ವಾಸ್ತು ಮಂಡಲದ ಕಥೆಯೂ ಹೀಗೇ. 9ಕ್ಕೆ 9, ಒಟ್ಟು 81 ಚೌಕ. ನಡುವಿನ 9 ಚೌಕ ಬ್ರಹ್ಮಸ್ಥಾನ, ಅದು ಖಾಲಿ ಇರಬೇಕು. ತೊಟ್ಟಿ ಮನೆಯಲ್ಲಿ ಅದು ಸಲೀಸು, ನಡುವೆ ಅಂಗಳ, ಮೇಲೆ ಆಕಾಶ. 27ಕ್ಕೆ 33ರ ಮನೆಯಲ್ಲಿ ಆ ಜಾಗ 9 ಅಡಿಗೆ 11 ಅಡಿ. ಅಲ್ಲಿ ಊಟದ ಮೇಜು ಹಾಕ್ತೀರಿ, ಅಷ್ಟೇ.

ದಕ್ಷಿಣದ ಬಾಗಿಲು ಅಂದ್ರೆ ಹೆದರಿ ಸೈಟಿನ ಬೆಲೆಯನ್ನೇ ಇಳಿಸಿ ಕೇಳ್ತಾರಲ್ಲ? ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬಾಗಿಲಿಗೆ ದಿಕ್ಕಿಗೆ ಎಂಟರಂತೆ 32 ಜಾಗಗಳಿವೆ, ಒಂದೊಂದಕ್ಕೂ ಬೇರೆ ಫಲ. ದಕ್ಷಿಣದ ನಾಲ್ಕನೆಯದಕ್ಕೆ ಅನ್ನಪಾನ, ಸಂತಾನ ವೃದ್ಧಿ ಅಂತ ಇದೆ. ಇಡೀ ದಿಕ್ಕೇ ಕೆಟ್ಟದ್ದು ಅಂತ ಆ ಪುಸ್ತಕ ಹೇಳಲ್ಲ. ಮತ್ತೆ, ದಿಕ್ಕು ನೋಡೋಕೆ ಫೋನಿನ ಕಂಪಾಸ್ ಹಿಡಿದು ಪಿಲ್ಲರ್ ಪಕ್ಕ ನಿಲ್ಲಬೇಡಿ. ಒಳಗಿರೋ ಕಬ್ಬಿಣ ಮುಳ್ಳನ್ನು ಎಳೆಯುತ್ತೆ. ರಸ್ತೆಗೆ ಬಂದು ನೋಡಿ.

1727ರಲ್ಲಿ ಜೈಪುರ ಕಟ್ಟುವಾಗಲೂ ಒಂಬತ್ತು ಚೌಕದ ಯೋಜನೆಯೇ ಇತ್ತು. ಒಂದು ಮೂಲೆಗೆ ಬೆಟ್ಟ ಅಡ್ಡ ಬಂತು, ಚೌಕವನ್ನು ಬೇರೆ ಕಡೆ ಸೇರಿಸಿದರು. ಬೆಟ್ಟ ಒಡೆಯಲಿಲ್ಲ. ಅದೇ ನಕ್ಷೆಯ ನೆನಪಲ್ಲಿ ಚಾರ್ಲ್ಸ್ ಕೊರಿಯಾ ಅಲ್ಲಿಯ ಜವಾಹರ್ ಕಲಾ ಕೇಂದ್ರವನ್ನು ನವಗ್ರಹಗಳ ಒಂಬತ್ತು ಚೌಕಗಳಲ್ಲಿ ವಿನ್ಯಾಸ ಮಾಡಿದರು, ಅವರೂ ಒಂದು ಚೌಕವನ್ನು ಬೇಕಂತಲೇ ತಿರುಗಿಸಿಟ್ಟರು.

ನಮ್ಮಲ್ಲಿ ಮಾತ್ರ ಮನೆ ಎದ್ದು, ಗೃಹಪ್ರವೇಶ ಆಗಿ, ಇಎಂಐ ಶುರುವಾದ ಮೇಲೆ ಯಾರೋ ಬಂದು "ಈ ಮೆಟ್ಟಿಲು ಒಡೀರಿ, ಆ ಗೋಡೆ ತೆಗೀರಿ" ಅಂತಾರೆ. ಹುಷಾರು. ಭಾರ ಹೊರುವ ಗೋಡೆಯನ್ನೋ ಬೀಮನ್ನೋ ಮುಟ್ಟಿದರೆ ಮೇಲಿನ ಸ್ಲ್ಯಾಬಿಗೆ ಅಪಾಯ. ಅಪಾರ್ಟ್‌ಮೆಂಟ್ ಆದರೆ ಮೇಲಿನ ಮನೆಯವರಿಗೂ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಡದೆ ಸುತ್ತಿಗೆ ಎತ್ತಿಸಬೇಡಿ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ. ಆಯ ನೋಡೋದಿದ್ದರೆ ಪಾಯ ತೋಡುವ ಮೊದಲು, ಡ್ರಾಯಿಂಗ್ ಕಾಗದದ ಮೇಲಿರುವಾಗ ನೋಡಿ. ಅಲ್ಲಿ ಒಂದಡಿ ಸರಿಸೋಕೆ ಎರೇಸರ್ ಸಾಕು.

ಇವತ್ತು ಮನೆಗೆ ಹೋಗಿ ಟೇಪ್ ಹಿಡಿಯಿರಿ, ಅಡಿಯಲ್ಲೊಂದು ಸಲ, ಮೊಳದಲ್ಲೊಂದು ಸಲ. ಎರಡರಲ್ಲೂ ಯಾವ ಪ್ರಾಣಿ ಬಂತು ಅಂತ ನಮಗೊಂದು ವಾಯ್ಸ್ ನೋಟ್ ಕಳಿಸಿ. ಕತ್ತೆ ಬಂದವರು ಮೊದಲು ಕಳಿಸಿ.